ಯಾವ ಚಕ್ರಕ್ಕೆ ಶಕ್ತಿ? ಗುಡ್ಡೆಮನೆಯ ಸಣ್ಣ ಕಾರಿನ ಲೆಕ್ಕ

(ಬದಿಯಡ್ಕ ಸಮೀಪದ ಊರೊಂದರ ಗ್ರಂಥಾಲಯದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಹಿರಿಯರೇ, ತಾಯಂದಿರೇ, ಬಾಡಿಗೆ ಬಿಟ್ಟು ಬಂದು ಕುಳಿತಿರುವ ಚಾಲಕ ಮಿತ್ರರೇ,

ಕಾರು ಕೊಳ್ಳುವ ಮಾತು ಬಂದಾಗ ನಮ್ಮ ಮನೆಗಳಲ್ಲಿ ಕೆಲವು ಪ್ರಶ್ನೆಗಳು ತಪ್ಪದೇ ಬರುತ್ತವೆ. ಬೆಲೆ ಎಷ್ಟು, ಮೈಲೇಜ್ ಎಷ್ಟು, ಸರ್ವಿಸ್‌ಗೆ ಕಾಸರಗೋಡಿಗೇ ಹೋಗಬೇಕೋ ಹತ್ತಿರದಲ್ಲೇ ಆಗುತ್ತದೋ, ನಾಳೆ ಮಾರಿದರೆ ಎಷ್ಟು ಬಂದೀತು. ಎಂಜಿನ್ ಎಲ್ಲಿ ಕೂತಿದೆ, ಅದರ ಶಕ್ತಿ ಮುಂದಿನ ಚಕ್ರಕ್ಕೆ ಹೋಗುತ್ತದೋ ಹಿಂದಿನ ಚಕ್ರಕ್ಕೋ ಎಂದು ಕೇಳುವವರು ಅಪರೂಪ. ಬಯಲುನಾಡಿನವರು ಕೇಳದಿದ್ದರೂ ನಡೆದೀತು. ಡಾಮರು ರಸ್ತೆ ಬಿಟ್ಟು ಮುರಕಲ್ಲಿನ ಚಡಾವು ಹತ್ತಿ ಅಂಗಳ ಸೇರಬೇಕಾದ ನಾವು, ಅಥವಾ ತಗ್ಗಿನ ತೋಟದಿಂದ ಅಡಿಕೆ ಗೋಣಿ ಹೇರಿಕೊಂಡು ಮೇಲೆ ಬರಬೇಕಾದ ನಾವು ಇದನ್ನು ಕೇಳಲೇಬೇಕು. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ನಾಡು ಇದು. ಆಟಿ ತಿಂಗಳಲ್ಲಿ ನಮ್ಮ ಮನೆದಾರಿಗಳು ಹೇಗಿರುತ್ತವೆ ಎಂದು ನಿಮಗೆ ವಿವರಿಸಬೇಕಿಲ್ಲ.

ಇಲ್ಲಿ ಎಲ್ಲರೂ ಕಂಡಿರುವ ಒಂದು ಸಂಗತಿಯಿಂದ ಶುರು ಮಾಡುತ್ತೇನೆ. ಮನೆಯವರು ಒಬ್ಬರೇ ಕಾರಿನಲ್ಲಿ ಬಂದರೆ ಅದು ಮಳೆಯಲ್ಲೂ ಚಡಾವು ಹತ್ತುತ್ತದೆ. ಅದೇ ಕಾರಿನಲ್ಲಿ ಪೂಜೆಗೆಂದು ನಾಲ್ಕು ಮಂದಿ ನೆಂಟರನ್ನು ಕೂರಿಸಿ, ಡಿಕ್ಕಿಯಲ್ಲಿ ಸಾಮಾನು ತುಂಬಿಸಿ ಬಂದರೆ ಅರ್ಧದಲ್ಲಿ ಮುಂದಿನ ಚಕ್ರ ಗರಗರ ತಿರುಗುತ್ತದೆ, ಕಾರು ಮಾತ್ರ ಮುಂದೆ ಹೋಗುವುದಿಲ್ಲ. ಎಲ್ಲರೂ ಇಳಿದು ನಡೆಯಬೇಕು. ಎಂಜಿನ್‌ಗೆ ತ್ರಾಣ ಸಾಲದು ಎಂದು ಸಾಮಾನ್ಯವಾಗಿ ದೂರುತ್ತಾರೆ. ತ್ರಾಣ ಸಾಲದಿದ್ದರೆ ಚಕ್ರ ಅಷ್ಟು ಜೋರಾಗಿ ತಿರುಗುತ್ತಿರಲಿಲ್ಲ, ಎಂಜಿನ್ ನಿಂತುಬಿಡುತ್ತಿತ್ತು. ಅಲ್ಲಿ ಸಾಲದೇ ಹೋದದ್ದು ನೆಲದ ಮೇಲಿನ ಹಿಡಿತ.

ಹಿಡಿತ ಎರಡು ಸಂಗತಿಗಳನ್ನು ಅವಲಂಬಿಸಿದೆ: ಟಯರು ಮತ್ತು ನೆಲದ ನಡುವಿನ ಘರ್ಷಣೆ, ಹಾಗೂ ಆ ಟಯರಿನ ಮೇಲೆ ಬಿದ್ದಿರುವ ಭಾರ. ಒಂದು ಲೆಕ್ಕ ಹಾಕಿ ನೋಡೋಣ. ಜನ, ಸಾಮಾನು ಎಲ್ಲ ಸೇರಿ 1200 ಕಿಲೋ ತೂಗುವ ಸಣ್ಣ ಕಾರು. ದಾರಿ ಸಮತಲದ ಅಳತೆಯಲ್ಲಿ ಐದು ಮೀಟರ್ ಸಾಗಿದರೆ ಒಂದು ಮೀಟರ್ ಏರುತ್ತದೆ. ನಮ್ಮಲ್ಲಿ ಇಂಥ ಮನೆದಾರಿ ವಿಶೇಷವೇನಲ್ಲ. ಆ ಏರಿನಲ್ಲಿ ಕಾರು ಕೆಳಗೆ ಜಾರದಂತೆ ತಡೆಯಲಿಕ್ಕೇ ಸುಮಾರು 235 ಕಿಲೋ ಭಾರಕ್ಕೆ ಸಮನಾದ ಬಲ ಬೇಕು. ಒದ್ದೆ ನೆಲದ ಘರ್ಷಣೆಯ ಗುಣಾಂಕ 0.4 ಎಂದಿಟ್ಟುಕೊಳ್ಳಿ. ಒಣ ಡಾಮರಿನಲ್ಲಿ ಇದು ಅದರ ಎರಡರಷ್ಟು ಇರುತ್ತದೆ. ಪಾಚಿ ಹಿಡಿದ ಕಾಂಕ್ರೀಟಿನಲ್ಲಿ 0.4ಕ್ಕಿಂತಲೂ ಕೆಳಗಿಳಿಯುತ್ತದೆ.

ಚಾಲಕ ಒಬ್ಬನೇ ಇದ್ದಾಗ ಮುಂದೆ ಎಂಜಿನ್ ಇರುವ ಸಣ್ಣ ಕಾರಿನ ತೂಕದಲ್ಲಿ ಶೇ. 60ರ ಆಸುಪಾಸು ಮುಂದಿನ ಚಕ್ರಗಳ ಮೇಲಿರುತ್ತದೆ. ಹಿಂದಿನ ಸೀಟು, ಡಿಕ್ಕಿ ತುಂಬಿದರೆ ಆ ಪಾಲು 50ರ ಹತ್ತಿರಕ್ಕೆ ಇಳಿಯುತ್ತದೆ. ಏರಿನಲ್ಲಿ ಇನ್ನಷ್ಟು ಭಾರ ಹಿಂದಕ್ಕೆ ಸರಿಯುತ್ತದೆ. ಮರದ ಕಪಾಟನ್ನು ಇಬ್ಬರು ಅಡಿಯಲ್ಲಿ ಹಿಡಿದು ಮೆಟ್ಟಿಲು ಹತ್ತುವಾಗ ಕೆಳಗಿನ ಮೆಟ್ಟಿಲಲ್ಲಿ ಇರುವವನೇ ಹೆಚ್ಚು ಹೊರುವ ಹಾಗೆ. ನಮ್ಮ ಕಾರಿನ ಲೆಕ್ಕದಲ್ಲಿ ಹೀಗೆ ಸರಿಯುವುದು ಸುಮಾರು 54 ಕಿಲೋ. ಓರೆ ನೆಲವನ್ನು ನೇರವಾಗಿ ಒತ್ತುವುದು 1200ರಲ್ಲಿ ಸುಮಾರು 1176 ಕಿಲೋ, ಅದರ ಅರ್ಧ 588. ಅದರಲ್ಲಿ 54 ಕಳೆದರೆ ಕೊನೆಗೆ ಮುಂದಿನ ಚಕ್ರಗಳ ಮೇಲೆ ಉಳಿಯುವುದು 534 ಕಿಲೋ, 0.4ರಿಂದ ಗುಣಿಸಿದರೆ ಸಿಗುವ ಎಳೆತ 214. ಬೇಕಾದದ್ದು 235. ಕಾರು ಹತ್ತುವುದಿಲ್ಲ.

ಅದೇ ಭಾರ, ಅದೇ ದಾರಿ. ಆದರೆ ಶಕ್ತಿ ಹಿಂದಿನ ಚಕ್ರಕ್ಕೆ ಹೋಗುತ್ತಿದ್ದರೆ? ಅಲ್ಲಿ 642 ಕಿಲೋ ಇದೆ, ಎಳೆತ 257. ಹತ್ತುತ್ತದೆ. ಇನ್ನು ಮುಂಚಕ್ರದ ಕಾರಿನಲ್ಲಿ ಚಾಲಕ ಒಬ್ಬನೇ, ಒಟ್ಟು 900 ಕಿಲೋ ಎಂದುಕೊಳ್ಳಿ: ಬೇಕಾದ ಬಲ 176, ಸಿಗುವ ಎಳೆತ 195ರಷ್ಟು. ಹತ್ತುತ್ತದೆ. ಹಾಗಾದರೆ ಹಿಂಚಕ್ರದ್ದೇ ಶ್ರೇಷ್ಠ ಎಂದು ತೀರ್ಮಾನಿಸಬೇಡಿ. ಮುಂದೆ ಎಂಜಿನ್ ಇದ್ದು ಹಿಂದಿನ ಚಕ್ರ ತಿರುಗುವ ವಾಹನವನ್ನು ಖಾಲಿಯಾಗಿ ಅದೇ ದಾರಿಗೆ ತಂದರೆ ಹಿಂದೆ ಭಾರವೇ ಇಲ್ಲದೆ ಅದು ಚಕ್ರ ಜಾರಿಸುತ್ತದೆ. ಖಾಲಿ ಪಿಕಪ್ ಒದ್ದೆ ಏರಿನಲ್ಲಿ ಬಾಲ ಅಲ್ಲಾಡಿಸುವುದನ್ನೂ, ನಾಲ್ಕು ಗೋಣಿ ಹಾಕಿದ ಕೂಡಲೇ ಸುಮ್ಮನೆ ಹತ್ತುವುದನ್ನೂ ನೀವು ನೋಡಿದ್ದೀರಿ. ಬಾಡಿಗೆ ಜೀಪುಗಳ ಕಾಲ ನೆನಪಿರುವವರಿಗೆ ಇನ್ನೊಂದು ಗೊತ್ತು. ಆ ಜೀಪುಗಳಲ್ಲಿ ಎಷ್ಟೋ ಕೇವಲ ಹಿಂಚಕ್ರದವು. ಹಿಂದೆ ಎದುರುಬದುರು ಕುಳಿತ ಜನ, ಹಿಂಬದಿ ಹಲಗೆಯ ಮೇಲೆ ನೇತಾಡುತ್ತಿದ್ದವರು, ಎಲ್ಲರ ಭಾರವೂ ಹಿಂದಿನ ಆ್ಯಕ್ಸೆಲ್ ಮೇಲೆ ಬೀಳುತ್ತಿತ್ತು. ಬಂದಡ್ಕ, ಅಡೂರಿನ ಕಡೆಯ ಏರುಗಳನ್ನು ಅವು ಹತ್ತುತ್ತಿದ್ದುದರಲ್ಲಿ ಆ ಜನರ ತೂಕದ ಪಾಲೂ ಇತ್ತು. ನೇತಾಡುವುದು ಅಪಾಯ, ಅದನ್ನು ಹೊಗಳುತ್ತಿಲ್ಲ. ಭಾರ ಎಲ್ಲಿ ಬೀಳುತ್ತದೆ ಎಂಬುದನ್ನಷ್ಟೇ ಹೇಳುತ್ತಿದ್ದೇನೆ.

ಹೀಗಿರುವಾಗ ಇಂದಿನ ಸಣ್ಣ ಕಾರುಗಳೆಲ್ಲ ಬಹುಪಾಲು ಮುಂಚಕ್ರದವೇ ಏಕೆ?

ಮೊದಲು ಅಂಬಾಸಿಡರನ್ನು ನೆನಪಿಸಿಕೊಳ್ಳಿ. 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಕಾರು. ಎಂಜಿನ್ ಮುಂದೆ ಉದ್ದಕ್ಕೆ ಕೂತಿದೆ, ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಕಾರಿನ ಹೊಟ್ಟೆಯಡಿ ಉದ್ದದ ಪ್ರೊಪೆಲ್ಲರ್ ಶಾಫ್ಟ್, ಹಿಂದೆ ಹೌಸಿಂಗ್ ಒಳಗೆ ಕ್ರೌನ್ ಮತ್ತು ಪಿನಿಯನ್ ಎಂಬ ಗೇರುಜೋಡಿ. ಪ್ರೀಮಿಯರ್ ಪದ್ಮಿನಿಯದ್ದೂ ಇದೇ ಜೋಡಣೆ. ಭದ್ರವಾದ ವಿನ್ಯಾಸ, ರಿಪೇರಿಗೆ ಸುಲಭ. ಆದರೆ ಶಾಫ್ಟಿಗೆ ದಾರಿ ಬಿಡಲು ನೆಲದ ನಡುವೆ ಉಬ್ಬು ಬೇಕು, ಹಿಂದೆ ಭಾರದ ಆ್ಯಕ್ಸೆಲ್ ಬೇಕು. ಎಂಜಿನ್ ಉದ್ದಕ್ಕೆ ಕೂತಿರುವುದರಿಂದ ಬಾನೆಟ್ಟೂ ಉದ್ದ. ಇದರ ಜೊತೆಗೆ, ಕಾರಿನ ಉದ್ದಕ್ಕೆ ತಿರುಗುವ ಶಾಫ್ಟಿನ ಶಕ್ತಿಯನ್ನು 90 ಡಿಗ್ರಿ ತಿರುಗಿಸಿ ಅಡ್ಡಲಾಗಿರುವ ಆ್ಯಕ್ಸೆಲಿಗೆ ಕೊಡಬೇಕು. ಆ ತಿರುವಿನಲ್ಲಿ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗುತ್ತದೆ. ದೊಡ್ಡ ಕಾರಿಗೆ ಇದೆಲ್ಲ ಹೊರೆಯಲ್ಲ. ಸಣ್ಣ ಕಾರಿನಲ್ಲಿ ಪ್ರತಿ ಅಂಗುಲಕ್ಕೂ ಬೆಲೆ ಇದೆ.

1956ರ ಸೂಯೆಜ್ ಬಿಕ್ಕಟ್ಟಿನಲ್ಲಿ ಬ್ರಿಟನ್ನಿಗೆ ಪೆಟ್ರೋಲಿನ ಅಭಾವ ಬಂತು. ಕಡಿಮೆ ಇಂಧನ ಕುಡಿಯುವ, ನಾಲ್ಕು ಜನ ಆರಾಮವಾಗಿ ಕೂರುವ ಪುಟ್ಟ ಕಾರು ಬೇಕೆಂದಾಗ ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರ್ 1959ರಲ್ಲಿ ಮಿನಿಯನ್ನು ಕೊಟ್ಟರು. ಸುಮಾರು ಹತ್ತು ಅಡಿ ಉದ್ದದ ಕಾರು. ಎಂಜಿನ್ನನ್ನು ಅಡ್ಡಕ್ಕೆ ತಿರುಗಿಸಿ ಇಟ್ಟರು, ಗೇರ್‌ಬಾಕ್ಸನ್ನು ಎಂಜಿನ್ ಕೆಳಗಿನ ಆಯಿಲ್ ಸಂಪಿನೊಳಗೇ ಸೇರಿಸಿದರು, ಶಕ್ತಿಯನ್ನು ಪಕ್ಕದಲ್ಲೇ ಇರುವ ಮುಂದಿನ ಚಕ್ರಗಳಿಗೆ ಕೊಟ್ಟರು. ಎಂಜಿನ್ ಅಡ್ಡಕ್ಕಿದ್ದರೆ ಅದರ ಶಾಫ್ಟೂ ಚಕ್ರದ ಆ್ಯಕ್ಸೆಲೂ ಒಂದಕ್ಕೊಂದು ಸಮಾನಾಂತರವಾಗುತ್ತವೆ. 90 ಡಿಗ್ರಿ ತಿರುವಿನ ಹಂಗೇ ಇಲ್ಲ. ಮುಂಚಕ್ರ ಚಾಲನೆ ಅವರು ಕಂಡುಹಿಡಿದದ್ದಲ್ಲ. 1931ರಲ್ಲೇ ಜರ್ಮನಿಯ ಡಿಕೆಡಬ್ಲ್ಯು ಎಫ್1 ಅಡ್ಡ ಎಂಜಿನ್ ಇಟ್ಟುಕೊಂಡು ಮುಂದಿನ ಚಕ್ರ ತಿರುಗಿಸಿತ್ತು, 1934ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಕೂಡ ಮುಂಚಕ್ರದ ಕಾರನ್ನು ದೊಡ್ಡ ಪ್ರಮಾಣದಲ್ಲಿ ಮಾಡಿತ್ತು. ಆದರೆ ನಾವು ಇಂದು ಓಡಿಸುವ ಜೋಡಣೆಯ ನಿಜವಾದ ಹಿರಿಯ ನನ್ನ ದೃಷ್ಟಿಯಲ್ಲಿ ಇಟಲಿಯ ದಾಂತೆ ಜಾಕೋಸಾ. ಎಂಜಿನ್ ಅಡ್ಡಕ್ಕೆ, ಅದರ ಮಗ್ಗುಲಿಗೇ ಸೇರಿಸಿದ ಪ್ರತ್ಯೇಕ ಗೇರ್‌ಬಾಕ್ಸ್, ಎಡಕ್ಕೆ ಬಲಕ್ಕೆ ಬೇರೆ ಬೇರೆ ಉದ್ದದ ಎರಡು ಶಾಫ್ಟುಗಳು: ಇದನ್ನು ಅವರು 1964ರ ಔಟೋಬಿಯಾಂಕಿ ಪ್ರಿಮುಲಾದಲ್ಲಿ ಪ್ರಯೋಗಿಸಿ 1969ರ ಫಿಯಟ್ 128ರಲ್ಲಿ ನೆಲೆನಿಲ್ಲಿಸಿದರು. ನಿಮ್ಮ ಮನೆಯ ಸ್ವಿಫ್ಟ್, ಐ10, ಟಿಯಾಗೊ ಯಾವುದರ ಬಾನೆಟ್ ಎತ್ತಿದರೂ ಕಾಣುವುದು ಅದೇ.

ನಮ್ಮ ದೇಶದ ಮನೆಮನೆಗೆ ಈ ವಿನ್ಯಾಸವನ್ನು ತಂದದ್ದು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800. 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್. ಕಾಸರಗೋಡು ಜಿಲ್ಲೆಯಾದದ್ದು ಮರುವರ್ಷ, 1984ರ ಮೇ 24ರಂದು. ನಮ್ಮ ಜಿಲ್ಲೆಗೂ ದೇಶದ ಮುಂಚಕ್ರದ ಕಾರಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಇಲ್ಲಿ ಒಂದು ಭಾಗದ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಅದಿಲ್ಲದೆ ಈ ಕಾರುಗಳಿಲ್ಲ. ಮುಂದಿನ ಚಕ್ರ ತಿರುವಿನಲ್ಲಿ ಓರೆಯಾಗಬೇಕು, ಹೊಂಡದಲ್ಲಿ ಮೇಲೆ ಕೆಳಗೆ ಹೋಗಬೇಕು, ಹಾಗೆ ಹೋಗುತ್ತಲೇ ಎಂಜಿನ್ನಿನ ಶಕ್ತಿಯನ್ನೂ ಪಡೆಯಬೇಕು. ಪ್ರೊಪೆಲ್ಲರ್ ಶಾಫ್ಟಿನಲ್ಲಿ ಇರುವ ಶಿಲುಬೆಯಾಕಾರದ ಸಾಮಾನ್ಯ ಜಾಯಿಂಟನ್ನು ಅಲ್ಲಿ ಹಾಕಿದರೆ ಏನಾಗುತ್ತದೆ ಗೊತ್ತೇ? ಒಳಗಿನ ಶಾಫ್ಟ್ ಒಂದೇ ವೇಗದಲ್ಲಿ ತಿರುಗಿದರೂ ಹೊರಗಿನದು ಒಂದೊಂದು ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಿಸಿ ಎರಡು ಸಲ ತಗ್ಗಿಸುತ್ತದೆ. 30 ಡಿಗ್ರಿ ಓರೆಯಲ್ಲಿ ಈ ಏರಿಳಿತ ಎರಡೂ ಕಡೆಗೆ ಶೇ. 15ರ ಸುಮಾರಿಗೆ ಹೋಗುತ್ತದೆ. ಸ್ಟಿಯರಿಂಗ್ ಕೈಯಲ್ಲಿ ಕುಣಿಯುತ್ತದೆ. 1920ರ ದಶಕದಲ್ಲಿ ಆಲ್ಫ್ರೆಡ್ ಝೆಪ್ಪಾ ಎಂಬ ಎಂಜಿನಿಯರ್ ರೂಪಿಸಿದ ಜಾಯಿಂಟ್ ಇದನ್ನು ಬಗೆಹರಿಸಿತು. ಬಟ್ಟಲಿನಂಥ ಹೊರಚಿಪ್ಪು, ಒಳಗೊಂದು ಗುಂಡುತಲೆ, ಎರಡರಲ್ಲೂ ಕೊರೆದ ಬಾಗಿದ ಜಾಡುಗಳು, ಆ ಜಾಡುಗಳಲ್ಲಿ ಆರು ಉಕ್ಕಿನ ಗುಂಡುಗಳು. ಶಾಫ್ಟ್ ಎಷ್ಟೇ ಓರೆಯಾದರೂ ಆರೂ ಗುಂಡುಗಳು ಆ ಕೋನವನ್ನು ಸರಿಯಾಗಿ ಅರ್ಧ ಮಾಡುವ ಸಮತಲದಲ್ಲೇ ನಿಲ್ಲುತ್ತವೆ. ಹಾಗಾಗಿ ಎರಡೂ ಕಡೆಯ ವೇಗ ಸದಾ ಸಮ. ಬಿಚ್ಚಿದ ಜಾಯಿಂಟನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದವರಿಗೆ ಅದರ ಸೊಬಗು ತಿಳಿಯುತ್ತದೆ. ಅಷ್ಟು ಸೂಕ್ಷ್ಮವಾದ ಕೆಲಸ.

ಈ ಜಾಯಿಂಟಿನ ಶತ್ರು ನಮ್ಮ ಕೆಂಪು ಮಣ್ಣು. ಗುಂಡುಗಳ ಸುತ್ತ ಗ್ರೀಸ್ ತುಂಬಿ, ಮಡಿಕೆ ಮಡಿಕೆಯಾದ ರಬ್ಬರಿನ ಬೂಟ್ ಹಾಕಿ ಕ್ಲಿಪ್ಪಿನಿಂದ ಬಿಗಿದಿರುತ್ತಾರೆ. ದಾರಿಯಲ್ಲಿ ಎದ್ದು ನಿಂತ ಮುರಕಲ್ಲಿನ ಚೂರೋ ಕಡ್ಡಿಯೋ ತಗುಲಿ ಬೂಟ್ ಹರಿದರೆ ಚಕ್ರ ತಿರುಗುವ ರಭಸಕ್ಕೆ ಗ್ರೀಸ್ ಹೊರಗೆ ಚಿಮ್ಮುತ್ತದೆ, ಕೆಸರು ಒಳಗೆ ಸೇರುತ್ತದೆ. ಆಮೇಲೆ ಅದು ಸಾಣೆ ಹಿಡಿದ ಹಾಗೆ ಸವೆಯುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಕಾರು ಹೊರಡಿಸಿದಾಗ ಕಟಕಟ ಸದ್ದು ಬಂದರೆ ಜಾಯಿಂಟಿನ ಆಯುಷ್ಯ ಮುಗಿಯುತ್ತ ಬಂದಿದೆ. ಅಲ್ಲಿವರೆಗೆ ಕಾಯಬೇಕಿಲ್ಲ. ಕಾರು ತೊಳೆಯುವಾಗ ಮುಂದಿನ ಚಕ್ರದ ಒಳಮಗ್ಗುಲಿಗೆ ಕೈಯಾಡಿಸಿ. ಕಪ್ಪು ಗ್ರೀಸ್ ಎರಚಿದ ಗುರುತು ಇದ್ದರೆ ಬೂಟ್ ಹರಿದಿದೆ ಎಂದೇ ಅರ್ಥ. ಬೂಟ್ ಬದಲಿಸುವ ಖರ್ಚು ಸಣ್ಣದು, ಇಡೀ ಜಾಯಿಂಟಿನದ್ದು ದೊಡ್ಡದು. ನಮ್ಮ ಕಡೆಯ ಕಾರುಗಳಿಗೆ ಮಳೆಗಾಲದ ಮೊದಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ಇದನ್ನು ನೋಡಿಸಲೇಬೇಕು.

ಎಂಜಿನ್ ಹಿಂದೆ ಇಟ್ಟು ಹಿಂದಿನ ಚಕ್ರವನ್ನೇ ತಿರುಗಿಸುವ ಪದ್ಧತಿಯೂ ಇದೆ. ಜರ್ಮನಿಯ ಬೀಟಲ್, ನಮ್ಮ ಆಟೋರಿಕ್ಷಾ, 2009ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನ್ಯಾನೊ. ಏರಿನಲ್ಲಿ ಇವುಗಳ ಹಿಡಿತ ಚೆನ್ನ. 624 ಸಿಸಿಯ ಪುಟ್ಟ ನ್ಯಾನೊ ನಮ್ಮ ಚಡಾವುಗಳಲ್ಲಿ ತೋರಿದ ಧೈರ್ಯವನ್ನು ನಾನು ಮೆಚ್ಚುತ್ತೇನೆ. ಆದರೆ ಭಾರವೆಲ್ಲ ಹಿಂದಿರುವ ಕಾರು ತಿರುವಿನಲ್ಲಿ ಬಾಲ ಹೊರಗೆ ಎಸೆಯುವ ಅಪಾಯವಿದೆ. ಅದಕ್ಕೇ ನ್ಯಾನೊದ ಮುಂದಿನ ಟಯರು 135 ಮಿಲಿಮೀಟರ್ ಅಗಲ, ಹಿಂದಿನದು 155. ಡಿಕ್ಕಿಗೂ ಜಾಗ ಉಳಿಯಲಿಲ್ಲ.

ಇವೆರಡರ ನಡುವೆ ಓಮ್ನಿ. 1984ರಿಂದ 2019ರವರೆಗೆ ಬಂದ ಈ ವ್ಯಾನಿನಲ್ಲಿ ಎಂಜಿನ್ ಮುಂದಿನ ಸೀಟಿನಡಿ, ಶಕ್ತಿ ಹಿಂದಿನ ಚಕ್ರಕ್ಕೆ. ಇಂದಿನ ಈಕೋದ್ದೂ ಅದೇ. ಸೀಟು ಬಿಸಿಯಾಗುತ್ತದೆ ಎಂದು ಗೊಣಗುತ್ತಲೇ ನಮ್ಮವರು ಅದನ್ನು ಬಿಡಲಿಲ್ಲ. ಶಾಲೆಯ ಮಕ್ಕಳು, ಗೊಬ್ಬರದ ಚೀಲ, ಮದುವೆಯ ಪಾತ್ರೆ, ಏನು ಹೇರಿದರೂ ಭಾರ ಬೀಳುವುದು ತಿರುಗುವ ಚಕ್ರದ ಮೇಲೆಯೇ. ಗುಡ್ಡೆಯ ತೋಟದಿಂದ ದಿನವೂ ಸಾಮಾನು ಸಾಗಿಸುವವರು ಸಲಹೆ ಕೇಳಿದರೆ ನಾನು ಇಂದಿಗೂ ಇಂಥದ್ದನ್ನೇ ಹೇಳುತ್ತೇನೆ.

ನಾಲ್ಕು ಚಕ್ರಕ್ಕೂ ಶಕ್ತಿ ಕೊಟ್ಟರೆ ತೊಂದರೆಯೇ ಇಲ್ಲವಲ್ಲ ಎನ್ನುವಿರಿ. ನಿಜ, ಇಡೀ ಕಾರಿನ ತೂಕ ಹಿಡಿತಕ್ಕೆ ಒದಗುತ್ತದೆ. ಹಳೆಯ ಜಿಪ್ಸಿ, 2023ರಲ್ಲಿ ಬಂದ ಜಿಮ್ನಿ ಈ ಬಗೆಯವು. ಆದರೆ ಇವು ಬೇಕಾದಾಗ ಮಾತ್ರ ನಾಲ್ಕು ಚಕ್ರಕ್ಕೆ ಹಾಕಿಕೊಳ್ಳುವಂಥವು. ಮುಂದಿನ ಮತ್ತು ಹಿಂದಿನ ಆ್ಯಕ್ಸೆಲುಗಳ ನಡುವೆ ಡಿಫರೆನ್ಷಿಯಲ್, ಅಂದರೆ ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಜೋಡಣೆ, ಇಲ್ಲ. ಒಣ ಡಾಮರಿನಲ್ಲಿ ಆ ಲಿವರ್ ಹಾಕಿ ತಿರುವಿನಲ್ಲಿ ಓಡಿಸಿದರೆ ಎರಡೂ ಆ್ಯಕ್ಸೆಲ್ ಬೇರೆ ಬೇರೆ ದೂರ ಸಾಗಬೇಕಾಗಿ ಒಂದನ್ನೊಂದು ಹಿಂಡುತ್ತವೆ, ಗೇರುಗಳು ನರಳುತ್ತವೆ. ಇದನ್ನು ತಿಳಿಯದೆ ಹಾಳು ಮಾಡಿಕೊಂಡವರಿದ್ದಾರೆ. ಇದರ ಮೇಲೆ ಬೆಲೆ, ತೂಕ, ಪೆಟ್ರೋಲು. ವರ್ಷಕ್ಕೆ ನಾಲ್ಕು ತಿಂಗಳ ಮಳೆಗೆ, ಇನ್ನೂರು ಅಡಿ ಮನೆದಾರಿಗೆ ಅಷ್ಟು ಹಣ ಸುರಿಯುವ ಮೊದಲು ಆ ಇನ್ನೂರು ಅಡಿಯನ್ನೇ ಸರಿ ಮಾಡಿಕೊಳ್ಳುವುದು ಜಾಣತನ ಎಂದು ನನ್ನ ಅಭಿಪ್ರಾಯ. ಕಾಂಕ್ರೀಟು ಹಸಿಯಾಗಿರುವಾಗಲೇ ಅಡ್ಡಗೀರು ಹಾಕಿಸಿ; ನುಣ್ಣಗೆ ತಿಕ್ಕಿದ ಕಾಂಕ್ರೀಟು ಅಂಗಳಕ್ಕೆ ಚೆಂದ, ಚಡಾವಿಗೆ ಶತ್ರು. ಮಳೆಗೆ ಮೊದಲು ಪಾಚಿ ಉಜ್ಜಿಸಿ. ಏರಿನ ಬುಡದಲ್ಲೇ ತಿರುವು ಇದ್ದರೆ ಅದನ್ನು ಅಗಲ ಮಾಡಿಸಿ, ಏಕೆಂದರೆ ತಿರುವಿನಲ್ಲಿ ವೇಗ ಕಳೆದುಕೊಂಡ ಕಾರಿಗೆ ಮುಂದಿನ ದಾರಿ ಇಮ್ಮಡಿ ಕಷ್ಟ.

ಇರುವ ಮುಂಚಕ್ರದ ಕಾರಿನಲ್ಲೇ ಏನು ಮಾಡಬಹುದು? ಭಾರದ ಸಾಮಾನನ್ನು ಡಿಕ್ಕಿಯಲ್ಲಿ ಹಿಂದಕ್ಕೆ ತಳ್ಳದೆ ಮುಂದಿನ ಸೀಟಿನ ಬೆನ್ನಿಗೆ ತಾಗಿಸಿ ಇಡಿ. ಇಬ್ಬರೇ ಇದ್ದರೆ ಇಬ್ಬರೂ ಮುಂದೆ ಕುಳಿತುಕೊಳ್ಳಿ. ಚಕ್ರ ಜಾರತೊಡಗಿದಾಗ ಆಕ್ಸಿಲರೇಟರ್ ಒತ್ತಬೇಡಿ, ಸಡಿಲಿಸಿ. ಜಾರುವ ಚಕ್ರಕ್ಕೆ ಉರುಳುವ ಚಕ್ರಕ್ಕಿಂತ ಕಡಿಮೆ ಹಿಡಿತ. ಅಲ್ಲದೆ ಎಡ ಬಲ ಚಕ್ರಗಳ ನಡುವಿನ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮ ಬಲ ಹಂಚುತ್ತದೆ. ಪಾಚಿಯ ಮೇಲಿರುವ ಒಂದು ಚಕ್ರ ಎಷ್ಟು ಬಲ ತಾಳುತ್ತದೋ, ಒಣ ನೆಲದ ಮೇಲಿರುವ ಇನ್ನೊಂದಕ್ಕೂ ಅಷ್ಟೇ ಸಿಗುವುದು.

ಇನ್ನೊಂದು ಉಪಾಯ ನಮ್ಮ ಹಳೆಯ ಚಾಲಕರಿಗೆ ಗೊತ್ತು: ಕಾರನ್ನು ತಿರುಗಿಸಿ ರಿವರ್ಸ್ ಗೇರಿನಲ್ಲಿ ಹತ್ತಿಸುವುದು. ಆಗ ಎಂಜಿನ್ ಇರುವ ಚಕ್ರಗಳು ಕೆಳಗಾಗುತ್ತವೆ. ನಮ್ಮ ಲೆಕ್ಕದ ಅದೇ 54 ಕಿಲೋ ಈಗ ಕಳೆಯುವ ಬದಲು ಕೂಡುತ್ತದೆ. 214 ಇದ್ದ ಎಳೆತ 257 ಆಗುತ್ತದೆ. ಒಂದೇ ಕಾರು, ಒಂದೇ ಭಾರ. ಆದರೆ ಹಿಂದೆ ನೋಡಲು ಇನ್ನೊಬ್ಬರು ಹೊರಗೆ ನಿಂತಿರಲಿ, ವೇಗ ಬೇಡ, ಮಕ್ಕಳನ್ನು ದಾರಿಯಿಂದ ದೂರ ನಿಲ್ಲಿಸಿ. ಆ ಸ್ಥಿತಿಯಲ್ಲಿ ಕಾರು ನಿಲ್ಲಿಸಿದರೆ ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬಬೇಡಿ. ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು, ಅವು ಈಗ ಮೇಲಿದ್ದು ಹಗುರವಾಗಿವೆ. ಗೇರಿನಲ್ಲೇ ಬಿಟ್ಟು ಮುಂದಿನ ಚಕ್ರಕ್ಕೆ ಕಲ್ಲು ಕೊಡಿ.

ಟಯರಿನ ವಿಷಯದಲ್ಲಿ ಒಂದು ಮಾತು. ಮುಂಚಕ್ರದ ಕಾರಿನಲ್ಲಿ ಎಳೆಯುವುದು, ತಿರುಗಿಸುವುದು, ಬ್ರೇಕಿನ ಹೆಚ್ಚಿನ ಪಾಲು ಮೂರನ್ನೂ ಮುಂದಿನ ಟಯರುಗಳೇ ಮಾಡುತ್ತವೆ, ಬೇಗ ಸವೆಯುವುದೂ ಅವೇ. ಎರಡೇ ಹೊಸ ಟಯರು ಕೊಂಡಾಗ ಎಲ್ಲರೂ ಮುಂದೆ ಹಾಕಿಸುತ್ತಾರೆ. ಹೊಸದು ಹಿಂದೆ ಇರಬೇಕು. ಒದ್ದೆ ತಿರುವಿನಲ್ಲಿ ಮುಂದಿನ ಟಯರು ಜಾರಿದರೆ ಚಾಲಕ ಆಕ್ಸಿಲರೇಟರ್ ಬಿಟ್ಟು ಸರಿಪಡಿಸಿಕೊಳ್ಳಬಲ್ಲ. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ಆಗ ಕೈಮೀರಿತು. ಸವೆದ ಟಯರು ಚಡಾವಿಗೆ ಸಾಲದು ಎನ್ನುವವರು ನಾಲ್ಕನ್ನೂ ಬದಲಿಸಿ, 1.6 ಮಿಲಿಮೀಟರ್ ಎಂಬ ಕಾನೂನಿನ ಮಿತಿ ನಮ್ಮ ಮಳೆಗೆ ತೀರಾ ಕಡಿಮೆ.

ಮಾತು ಮುಗಿದ ಮೇಲೆ ಶಿಕ್ಷಕಿಯಾಗಿರುವ ಅಕ್ಕ ಒಬ್ಬರು, ವಿದ್ಯುತ್ ಕಾರು ಕೊಳ್ಳುವ ಯೋಚನೆಯಿದೆ, ಅದರಲ್ಲೂ ಈ ಲೆಕ್ಕ ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಅಕ್ಕಾ. ಮೋಟಾರು ಸಣ್ಣದಾದ್ದರಿಂದ ಅದನ್ನು ಎಲ್ಲಿ ಬೇಕಾದರೂ ಇಡಬಹುದು. ಟಿಯಾಗೊ ಇವಿಯದ್ದು ಮುಂದಿನ ಚಕ್ರ, ಎಂಜಿಯ ಪುಟ್ಟ ಕಾಮೆಟ್‌ನದ್ದು ಹಿಂದಿನ ಚಕ್ರ. ಬ್ಯಾಟರಿಯ ಭಾರ ತಳದಲ್ಲಿರುವುದರಿಂದ ಏರಿನಲ್ಲಿ ಹಿಂದಕ್ಕೆ ಸರಿಯುವ ಪಾಲು ಕಡಿಮೆ. ಆದರೆ ಮುಂದೆ ಭಾರದ ಎಂಜಿನ್ ಇಲ್ಲದ್ದರಿಂದ ಮುಂಚಕ್ರದ ವಿದ್ಯುತ್ ಕಾರಿಗೆ ಮುಂದೆ ಆತುಕೊಳ್ಳುವ ತೂಕವೂ ಕಡಿಮೆಯಾಗಬಹುದು. ನಿಂತಲ್ಲಿಂದಲೇ ಪೂರ್ತಿ ತಿರುಗುಬಲ ಬರುವುದರಿಂದ ಚಕ್ರ ಜಾರುವುದೂ ಸುಲಭ. ಜಾರಿದ್ದನ್ನು ಎಲೆಕ್ಟ್ರಾನಿಕ್ ನಿಯಂತ್ರಣ ಎಂಜಿನ್ ಕಾರಿಗಿಂತ ಬೇಗ ಹಿಡಿಯುತ್ತದೆ. ಹಾಗಾಗಿ ಕಾಗದದ ಮೇಲೆ ಇದನ್ನು ತೀರ್ಮಾನಿಸಬೇಡಿ. ಟೆಸ್ಟ್ ಡ್ರೈವ್ ಎಂದು ಹೆದ್ದಾರಿಯಲ್ಲಿ ಒಂದು ಸುತ್ತು ಹಾಕಿಸಿ ಕಳುಹಿಸುತ್ತಾರೆ. ಅದು ಬೇಡ. ಕಾರನ್ನು ನಿಮ್ಮ ಮನೆದಾರಿಗೇ ತರಿಸಿ, ಮನೆಯವರೆಲ್ಲ ಕುಳಿತು, ಚಡಾವಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿ. ಷೋರೂಮಿನವರು ಒಪ್ಪದಿದ್ದರೆ ಅದೇ ಕಾರು ಇರುವ ನೆಂಟರನ್ನು ಒಂದು ಮಳೆಯ ದಿನ ಊಟಕ್ಕೆ ಕರೆಯಿರಿ.